ಏಳು ಚುಕ್ಕೆಯ ರೂಪಾಯಿ

“ಈಗ ಬ್ಯಾಡ್ರಿ ಅಕ್ಕಾರ. ಇನ್ನೂ ಹನ್ನೊಂದ ಸೆಕೆಂಡ ಅದಾವ.”

“ಮಾಂತೇಶ, ಬಾಯಿ ಮುಚ್ಚು.”

ಅನ್ನಪೂರ್ಣಾಳ ಬೆರಳುಗಳು ಕೀಲಿಮಣೆಯ ಮೇಲೆ ಗಾಳಿಯಲ್ಲಿ ನಿಂತಿದ್ದವು. ಒಂಬತ್ತು. ಎಂಟು. ಪಕ್ಕದ ಖಾನೆಯಲ್ಲಿ ಯಾರೋ ಮಗಳ ಜಾತಕದ ಪ್ರಿಂಟ್ ತೆಗೆಸುತ್ತಿದ್ದರು; ಪ್ರಿಂಟರು ಕಟಕಟ ಹಲ್ಲು ಕಡಿಯುತ್ತಿತ್ತು. ಆರು. ಐದು. ನಾಲ್ಕು ಅನ್ನುವಾಗ ಅವಳು ನಾಲ್ಕು ಅಂಕಿ ಹೊಡೆದು ಎಂಟರ್ ಒತ್ತಿದಳು. ಕೇಳಿದವರಿಗೆ ಒಂದೇ ಸಪ್ಪಳ ಕೇಳಿಸಿತು, ಅಷ್ಟು ಬೇಗ.

ಪುಟ ಬಿಳಿಯಾಯಿತು. ಆಮೇಲೆ ಮೇಲಿನಿಂದ ಒಂದೊಂದೇ ಬೆರಳಷ್ಟು ಇಳಿಯತೊಡಗಿತು. ಮೊದಲು ವಿಕ್ಟೋರಿಯಾ ರಾಣಿಯ ಕಿರೀಟ. ಹಣೆ. ಮೂಗು. ಗಲ್ಲದ ಮೇಲೆ ಯಾರೋ ಎಂದೋ ಪೂಜೆಯಲ್ಲಿ ಹಚ್ಚಿದ ಕುಂಕುಮ. ಅನ್ನಪೂರ್ಣಾ ಉಸಿರು ಬಿಡಲಿಲ್ಲ. ಸೈಬರಿನ ಮಾಲೀಕ ಮಾಂತೇಶನೂ ಬಿಡಲಿಲ್ಲ. ರಾಣಿಯ ಕೊರಳು ಕಾಣುವಷ್ಟರಲ್ಲಿ ಜಾತಕದವರೂ ಎದ್ದು ಬಂದು ಬೆನ್ನ ಹಿಂದೆ ನಿಂತಿದ್ದರು. ಕೊರಳಿನ ಕೆಳಗೆ ಕೆಂಪು ಅಕ್ಷರ ಮೂಡಿತು: ಹರಾಜು ಮುಗಿದಿದೆ, ನಿಮಗಿಂತ ಹೆಚ್ಚು ಕೂಗಿದವರಿದ್ದಾರೆ. ಗೆದ್ದವರ ಹೆಸರು: ಸೊಗಲ-59.

“ಮತ್ತ ಅವನ!” ಎಂದು ಅನ್ನಪೂರ್ಣಾ ಟೇಬಲ್ಲಿಗೆ ಗುದ್ದಿದಳು. ಮೌಸು ಒಂದು ಗೇಣು ಹಾರಿ ಕೆಳಗೆ ಬಿತ್ತು.

“ಎಷ್ಟಕ್ಕ ಹೋತ್ರಿ?” ಎಂದು ಜಾತಕದವರು ಕೇಳಿದರು.

“ಇಪ್ಪತ್ತೈದ ರೂಪಾಯಿ ಹೆಚ್ಚಿಗಿ.”

“ಇಪ್ಪತ್ತೈದ ರೂಪಾಯಿಗೆ ಯಾಕ ಇಷ್ಟ ಬೆವರ್ತೀರಿ ಬಾಯಾರ? ತೊಗೋರಿ, ನಾ ಕೊಡತೇನಿ,” ಎಂದು ಅವರು ನಿಜವಾಗಿಯೂ ಕಿಸೆಗೆ ಕೈ ಹಾಕಿದರು.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ರಾಮದುರ್ಗದಲ್ಲಿ ಅನ್ನಪೂರ್ಣಾ ಅಂದರೆ ಟೈಪಿಂಗ್ ಕ್ಲಾಸು. ಹನ್ನೆರಡು ಮಷೀನು, ಏಳು ಮಂದಿ ವಿದ್ಯಾರ್ಥಿಗಳು. ಒಂದು ಕಾಲಕ್ಕೆ ನಲವತ್ತು ಜನ ಪಾಳಿ ಹಚ್ಚಿ ಕುಟ್ಟುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಉಳಿದವರು ಮನೆಯಲ್ಲಿ ಬೈಯುತ್ತಾರೆಂದು ಬರುವವರು, ಇಲ್ಲವೇ ಮದುವೆ ಗೊತ್ತಾಗುವವರೆಗೆ ಬರುವವರು. ಆದರೆ ಹದಿನಾರು ವರ್ಷ ಬೇರೆಯವರ ತಪ್ಪು ಹುಡುಕಿದ ಕಣ್ಣು ಸುಮ್ಮನೆ ಕೂರುತ್ತದೆಯೇ? ಅನ್ನದಲ್ಲಿ ಕಲ್ಲು ಸಿಕ್ಕಂತೆ, ಮುನ್ನೂರು ಶಬ್ದಗಳ ಹಾಳೆಯಲ್ಲಿ ಒಂದು ತಪ್ಪು ಅಕ್ಷರ ತಾನಾಗಿಯೇ ಅವಳ ಕಣ್ಣಿಗೆ ಕಟುಕ್ಕೆನ್ನುತ್ತಿತ್ತು. ಕಟುಕ್ಕೆಂದಾಗ ಅವಳಿಗೆ ಆಗುವ ಸುಖವನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ತಪ್ಪೇ ಇಲ್ಲದ ಹಾಳೆ ಬಂದರೆ ಪೂರ್ತಿ ಅಂಕ ಕೊಡುತ್ತಿದ್ದಳು, ಆದರೆ ಆ ದಿನ ಊಟ ಸೇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಹಳೆಯ ಶಿಷ್ಯ ಮಾಂತೇಶನ ಸೈಬರಿಗೆ ಯಾವುದೋ ಅರ್ಜಿ ಕಳಿಸಲು ಹೋದವಳು, ಪಕ್ಕದ ಪರದೆಯ ಮೇಲೆ ಎರಡು ಹಳೆಯ ಬೆಳ್ಳಿ ರೂಪಾಯಿ ಕಂಡಳು. ನಾಣ್ಯಗಳ ಹರಾಜು. ಮಾರುವವನು ಇಂಗ್ಲಿಷಿನಲ್ಲಿ “ಎರಡೂ ಒಂದೇ ನಮೂನೆ, 1862” ಎಂದು ಬರೆದಿದ್ದ. ಕಟುಕ್!

“ಒಂದ ನಮೂನಿ ಅಲ್ಲೋ ಮಾಂತೇಶ ಇವು! ಇಸವಿ ಕೆಳಗ ನೋಡು. ಇದಕ್ಕ ನಾಕ ಚುಕ್ಕಿ. ಅದಕ್ಕ ಐದು.”

ಮಾಂತೇಶ ಮೂಗು ಪರದೆಗೆ ಹಚ್ಚಿ ನೋಡಿದ. ಹೌದು. ಆಮೇಲೆ ಇಬ್ಬರೂ ಕೂಡಿ ಇಂಟರ್ನೆಟ್ಟೆಲ್ಲ ಜಾಲಾಡಿ ಸಂಗತಿ ತಿಳಿದುಕೊಂಡರು. ವರ್ಷ ಕಳೆದರೂ ಆ ರೂಪಾಯಿಯ ಮೇಲೆ 1862 ಎಂದೇ ಅಚ್ಚು ಹಾಕುತ್ತಿದ್ದರಂತೆ. ಯಾವ ವರ್ಷದ್ದು ಎಂಬ ಗುರುತಿಗೆ ಇಸವಿಯ ಕೆಳಗೆ ಎಳ್ಳಿಗಿಂತ ಸಣ್ಣ ಚುಕ್ಕೆಗಳನ್ನು ಇಡುತ್ತಿದ್ದರಂತೆ. ಮಾರುವವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಅವರು ಸಾದಾ ಬೆಲೆಗೆ ಮಾರುತ್ತಾರೆ. ಕಣ್ಣಿದ್ದವರು ಚುಕ್ಕೆ ಎಣಿಸಿ ಹಾರಿಸಿಕೊಂಡು ಹೋಗುತ್ತಾರೆ. ಅನ್ನಪೂರ್ಣಾ ಆ ದಿನವೇ ಖಾತೆ ತೆರೆದಳು. ಹೆಸರು ಕೇಳಿದಾಗ ಬೆರಳುಗಳು ತಾವೇ ಟೈಪಿಂಗಿನ ಮೊದಲ ಪಾಠ ಹೊಡೆದವು: ಎ ಎಸ್ ಡಿ ಎಫ್ ಜಿ ಎಫ್. ಅದೇ ಅವಳ ಹೆಸರಾಯಿತು.

ಬಡಿಗರ ಕಡೆ ಒಂದು ಸಾಗುವಾನಿ ಹಲಗೆ ಮಾಡಿಸಿದಳು. ಅದರಲ್ಲಿ ದುಂಡಗಿನ ಒಂಬತ್ತು ಕುಳಿ: ಚುಕ್ಕೆಯೇ ಇಲ್ಲದ್ದರಿಂದ ಎಂಟು ಚುಕ್ಕೆಯವರೆಗೆ. ಎರಡು ವರ್ಷದಲ್ಲಿ ಎಂಟು ಕುಳಿ ತುಂಬಿದವು. ಏಳು ಚುಕ್ಕೆಯದೊಂದು ಸಿಗಲೊಲ್ಲದು. ಆ ಖಾಲಿ ಕುಳಿ ಬಿದ್ದ ಹಲ್ಲಿನ ಜಾಗದಂತೆ ಕಾಣತೊಡಗಿದಾಗ ಗಂಡ ಸುಭಾಸ ದೇವರ ಕೋಣೆಯಿಂದ ಒಂದು ಅಡಿಕೆಬೆಟ್ಟ ತಂದು ಅದರಲ್ಲಿ ಕೂರಿಸಿದ್ದ.

“ಪೂಜಿಗಿ ಇಲ್ಲದ ದೇವ್ರ ಜಾಗಾಕ್ಕ ಅಡಿಕಿಬೆಟ್ಟ ಇಡತಾರಲ್ಲ, ಹಂಗ. ದೇವ್ರ ಬರೂತನ ಇದಕ್ಕ ಕೈ ಮುಗಿ.”

ದೇವರು ಮೂರು ಸಲ ಬಂದು ಬಾಗಿಲಿನಿಂದಲೇ ಮರಳಿ ಹೋಗಿದ್ದರು. ಮೊದಲನೆಯ ಸಲ ಪರದೆಯ ಮೇಲೆ ಚುಕ್ಕೆ ಎಣಿಸಿದರೆ ಏಳು! ಅನ್ನಪೂರ್ಣಾ ಚೀರಿದ ಚೀರಿಗೆ ಹೊರಗೆ ಚಾದಂಗಡಿಯವನು ಓಡಿ ಬಂದಿದ್ದ. ಮಾಂತೇಶ ಪುಟವನ್ನು ಸ್ವಲ್ಪ ಮೇಲಕ್ಕೆ ಸರಿಸಿದ. ನಾಣ್ಯ ಸರಿಯಿತು, ಆರು ಚುಕ್ಕೆಯೂ ಸರಿದವು, ಏಳನೆಯದು ಅಲ್ಲೇ ನಿಂತಿತ್ತು. ನೊಣದ ಹೊಲಸು. ಮುಂದಿನ ಎರಡು ಸಲ ಚುಕ್ಕೆ ನಾಣ್ಯದ ಮೇಲೆಯೇ ಇತ್ತು, ಆದರೆ ಎರಡೂ ಸಲ ಕೊನೆಯ ಗಳಿಗೆಯಲ್ಲಿ ಸೊಗಲ-59 ಎನ್ನುವವನು ಎಲ್ಲಿಂದಲೋ ಬಂದು ಹಾರಿಸಿಕೊಂಡು ಹೋಗಿದ್ದ. ಅವನ ಪಾಲಾದದ್ದು ಇದು ಮೂರನೆಯದು. ಈ ಸಲದ ಚಿತ್ರವಂತೂ ಮಸುಕು ಮಸುಕು, ಮೇಲೆ ಕುಂಕುಮ ಬೇರೆ. ಹಿಂಬದಿಯಲ್ಲಿ ಆರು ಚುಕ್ಕೆ ಸ್ಪಷ್ಟ. ಏಳನೆಯದು ಚುಕ್ಕೆಯೋ ಕುಂಕುಮದ ಕಾಳೋ ಅವಳಿಗೇ ಪೂರಾ ಖಾತ್ರಿಯಿರಲಿಲ್ಲ. ಅಂಥದ್ದನ್ನೂ ಅವನು ಕಂಡಿದ್ದ! ಈ ಭೂಮಿಯ ಮೇಲೆ ಆ ಕಲೆಯನ್ನು ನೋಡಿ ಎದೆ ಡವಡವ ಅಂದವರು ಇಬ್ಬರೇ: ತಾನು, ಮತ್ತು ಆ ಹಾಳಾದವನು.

“ಯಾವನೋ ಮುಂಬಯಿ ಶೇಟ ಇರಬೇಕ್ರಿ,” ಎಂದ ಮಾಂತೇಶ.

“ಮುಂಬಯಿ ಶೇಟಗ ಸೊಗಲ ಹೆಂಗ ಗೊತ್ತೋ? ಗುಡ್ಡದಾಗಿನ ನಮ್ಮ ಸೋಮಲಿಂಗನ ಕ್ಷೇತ್ರದ ಹೆಸರ ಇಟ್ಕೊಂಡಾನ ಅಂದ್ರ ನಮ್ಮ ಕಡಿಯಾಂವನ. ಎಲ್ಲಿ, ಅಂವಾ ಮಾರಾವ್ರಿಗಿ ಏನ ಬರದಾನ ತಗಿ.”

ಮಾಂತೇಶ ತೆಗೆದ. ಕೊಂಡ ಮೇಲೆ ಎಲ್ಲರೂ “ಗುಡ್, ಥ್ಯಾಂಕ್ಯೂ” ಎಂದು ಬರೆಯುವಲ್ಲಿ ಸೊಗಲ-59 ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ: “ಭಾಳ ಚಲೋ ಪ್ಯಾಕಿಂಗ್.”

ಅನ್ನಪೂರ್ಣಾ ನಕ್ಕಳು. ನಗು ನಿಲ್ಲಲಿಲ್ಲ. ಸಿಟ್ಟಿಗೆ ನಗುತ್ತಿದ್ದೇನೆಯೋ, ಖುಷಿಗೋ ಎಂದು ತಿಳಿಯದೆ ನಕ್ಕಳು. ಆಮೇಲೆ ಒಂದು ಹಾಳೆ ಇಸಿದುಕೊಂಡು, ಮೂರು ತಿಂಗಳಲ್ಲಿ ಅವನು ಕೂಗಿದ ನಲವತ್ತೊಂದು ಸವಾಲುಗಳ ದಿನ, ತಾಸು, ನಿಮಿಷ ಎಲ್ಲ ಬರೆದುಕೊಂಡಳು. ಮನೆಗೆ ಹೋಗಿ ಅದನ್ನು ನೀಟಾಗಿ ಟೈಪ್ ಮಾಡಿದಳು, ಕಾರ್ಬನ್ ಪ್ರತಿ ಸಹಿತ. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಸುಭಾಸನ ಕೆಲಸ ಕರೆಂಟಿನ ಕಂಬ ಹತ್ತುವುದು. ಊಟಕ್ಕೆ ಕೂತವನು ಹಾಳೆ ಎತ್ತಿ ನೋಡಿ, “ಇದೇನ, ಕರೆಂಟ ತಗಿಯೂ ಟೈಮ್‌ಟೇಬಲ್ ಇದ್ದಂಗ ಐತಲ್ಲ,” ಎಂದ.

“ಏನಂದ್ರಿ?”

“ಅಲ್ಲ, ನೋಡಿಲ್ಲೆ. ಪೈಲೆ ಹದಿನೈದ ದಿನ ಈ ಪುಣ್ಯಾತ್ಮ ಮಧ್ಯಾಹ್ನ ಎರಡರಿಂದ ನಾಕರತನ ಒಂದರ ಸಲ ಕೂಗ್ಯಾನೇನು? ಇಲ್ಲ. ಮುಂದಿನ ಹದಿನೈದ ದಿನ ನಾಕರಿಂದ ಆರು ಇಲ್ಲ. ಮತ್ತ ಎರಡರಿಂದ ನಾಕು. ಅಂವಗ ಆವಾಗ ಕರೆಂಟ ಇಲ್ಲ, ಅಷ್ಟ.”

ಅನ್ನಪೂರ್ಣಾಳ ಕೈಯಲ್ಲಿ ರೊಟ್ಟಿ ನಿಂತಿತು. “ಯಾವ ಊರಾಗ ಹಂಗ ತಗೀತಾರ?”

ಸುಭಾಸ ಎಡಗೈಯಿಂದ ಅಂಗಿಯ ಕಿಸೆಯೊಳಗಿನ ಮಡಚಿದ ಕಾಗದ ತೆಗೆದ. ಸುತ್ತಿನ ಊರುಗಳಿಗೆಲ್ಲ ಯಾವಾಗ ಕರೆಂಟು ಇರುವುದಿಲ್ಲ ಎಂಬ ಪಟ್ಟಿ. ಇಬ್ಬರೂ ತಾಟಿನ ಪಕ್ಕಕ್ಕೆ ಎರಡೂ ಹಾಳೆ ಹರವಿಕೊಂಡರು. ರಾಮದುರ್ಗ ಅಲ್ಲ, ತಮ್ಮಲ್ಲಿ ತೆಗೆಯುವುದು ಬೆಳಗ್ಗೆ. ಸವದತ್ತಿಯೂ ಬೆಳಗ್ಗೆಯೇ. ಕಿತ್ತೂರು ಕೂಡಿಬರುವ ಹಾಗೆ ಕಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಒಂದು ಮಂಗಳವಾರ ಮೂರೂ ಹತ್ತರ ಸವಾಲು ಕಿತ್ತೂರನ್ನು ಹೊಡೆದುಹಾಕಿತು. ಉಳಿದದ್ದು ಬೈಲಹೊಂಗಲ. ಒಂದೊಂದಾಗಿ ಗುರುತು ಹಾಕಿದರು. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು. ಒಂದೂ ತಪ್ಪಲಿಲ್ಲ.

“ಸಿಕ್ಕ!” ಎಂದು ಅನ್ನಪೂರ್ಣಾ ಜಿಗಿದಳು. “ಸಿಕ್ಕ ಮಗಾ!” ಎಂದು ಸುಭಾಸ, ಯಾರು ಸಿಕ್ಕರು, ಸಿಕ್ಕು ಏನಾಗಬೇಕು ಒಂದೂ ತಿಳಿಯದೆ, ಎಂಜಲುಗೈಯಲ್ಲೇ ಜಿಗಿದ. ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು.

ಭಾನುವಾರ ಅನ್ನಪೂರ್ಣಾ ಹಲಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಹಲಗೆ ಯಾಕೆ ಎಂದು ಸುಭಾಸ ಕೇಳಿದ. “ಅಂವಾ ನೋಡ್ಲಿ, ಎಂಥಾಕಿ ಬಾಯಾಗಿಂದ ಕಸಗೊಂಡಾನ ಅಂತ,” ಎಂದಳು. ಮುನವಳ್ಳಿಯಲ್ಲಿ ಬಸ್ಸು ಬದಲಿಸಿದಳು. ದಾರಿಯುದ್ದಕ್ಕೂ ಮಾತು ಕಟ್ಟಿದಳು. ಕಾರಿನವನಾದರೆ ಹೀಗೆ ಹೇಳಬೇಕು; ಅರಳೆ ವ್ಯಾಪಾರಿಯಾದರೆ ಹಾಗೆ. ಮುರಗೋಡ ದಾಟುವಾಗ ಬದಲಿಗೆ ಒಂದು ಚುಕ್ಕೆಯ ತನ್ನ ಹೆಚ್ಚಿನ ನಾಣ್ಯ ಕೊಡುತ್ತೇನೆನ್ನೋಣ ಎಂದುಕೊಂಡಳು. ಬೈಲಹೊಂಗಲ ಬಂದಾಗ ಆ ಮೂರೂ ಮಾತು ಮರೆತುಹೋಗಿದ್ದವು.

ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರಿನಲ್ಲಿ ಕೇಳಿದಳು: “ಇಲ್ಲಿ ಹಳೇ ರೂಪಾಯಿ ಸವಾಲ ಕೂಗಾಕ ಯಾರರ ಬರತಾರೇನ್ರಿ?”

ಗಲ್ಲೆಯಲ್ಲಿದ್ದವನು ತಲೆ ಎತ್ತಲಿಲ್ಲ. “ಸೀಟಿ ಸೋಮಪ್ಪಣ್ಣನ? ಪೈಲೆ ಕಂಡಕ್ಟರ್ ಇದ್ರು. ಸವಾಲ ಗೆದ್ರ ಎರಡ ಸೀಟಿ ಹೊಡೀತಾರ, ಸೋತ್ರ ಒಂದು. ಗಿರಾಕಿ ಅಂಜಿ ಎದ್ದ ಹೋಗ್ತಾವ. ಮೂರನೇ ಓಣಿ, ನೀಲಿ ಬಾಗಲಾ.”

ನೀಲಿ ಬಾಗಿಲು ತೆರೆದೇ ಇತ್ತು. ಪಡಸಾಲೆಯ ಹೊರಸಿನ ಮೇಲೆ ಬನಿಯನ್ನು ತೊಟ್ಟ, ತೆಳ್ಳಗಿನ, ಬೆಳ್ಳಿ ಮೀಸೆಯ ಮನುಷ್ಯನೊಬ್ಬ ಒಂದು ಕಣ್ಣು ಮುಚ್ಚಿ ಭೂತಗನ್ನಡಿಯಲ್ಲಿ ನಾಲ್ಕಾಣೆ ನೋಡುತ್ತ ಕೂತಿದ್ದ. ಶೇಟನೂ ಅಲ್ಲ, ಸಾಹುಕಾರನೂ ಅಲ್ಲ.

“ಸೊಗಲ ಐವತ್ತೊಂಬತ್ತ?” ಎಂದಳು ಅನ್ನಪೂರ್ಣಾ, ಹೊಸ್ತಿಲ ಮೇಲೆ ನಿಂತು.

ಭೂತಗನ್ನಡಿ ಕೆಳಗಿಳಿಯಿತು. “ಯಾರ್ರಿ ನೀವು?”

“ಎ, ಎಸ್, ಡಿ, ಎಫ್, ಜಿ, ಎಫ್.”

ಸೋಮಪ್ಪ ಎದ್ದು ನಿಂತ. ಕೂತ. ಮತ್ತೆ ಎದ್ದ. ಒಳಗೆ ತಿರುಗಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದ: “ಏ ತಂಗೆವ್ವಾ! ದುಬೈ ಶೇಖ ಬಂದಾನ! ಸೀರಿ ಉಟ್ಕೊಂಡ ಬಂದಾನ! ಚಾ ಇಡು!”

ಅವನ ಹೆಂಡತಿ ತಂಗೆವ್ವ ಸೌಟು ಹಿಡಿದೇ ಹೊರಗೆ ಬಂದಳು. ಆ ಆರಕ್ಷರದ ಹೆಸರಿನವನು ದುಬೈ ಶೇಖನೇ ಎಂದುಕೊಂಡು ಎರಡು ವರ್ಷದಿಂದ ಗಂಡ ನಿದ್ದೆಯಲ್ಲೂ ಬೈಯುತ್ತಿದ್ದವಳನ್ನು ಮೇಲಿನಿಂದ ಕೆಳಗೆ ನೋಡಿ, “ಬರ್ರಿ ಯವ್ವಾ, ಒಳಗ ಬರ್ರಿ. ಬಿಸಲಾಗ ಯಾಕ ನಿಂತೀರಿ,” ಎಂದಳು.

ಆಮೇಲೆ ಎರಡು ತಾಸು ಯಾರು ಮಾತಾಡಿದರು, ಯಾರು ಕೇಳಿದರು ಎಂದು ಹೇಳುವುದು ಕಷ್ಟ. ಇಬ್ಬರೂ ಏಕಕಾಲಕ್ಕೆ ಮಾತಾಡಿದರು. ಸೋಮಪ್ಪ ಮೂವತ್ತೊಂದು ವರ್ಷ ಸವದತ್ತಿ, ಕಿತ್ತೂರು, ರಾಮದುರ್ಗದ ಬಸ್ಸುಗಳಲ್ಲಿ ಚಿಲ್ಲರೆ ಎಣಿಸಿದವನು. ಹೆಬ್ಬೆರಳಲ್ಲಿ ಸವರಿದರೆ ಯಾವ ನಾಣ್ಯ, ಎಷ್ಟು ಸವೆದಿದೆ ಹೇಳುತ್ತಿದ್ದ. ಅವನಿಗೂ ಒಂದು ದಿನ ಎರಡು ನಾಣ್ಯ ಒಂದೇ ಅಲ್ಲ ಅನಿಸಿತ್ತು. ಅವನೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಊರವರು ಏನೆನ್ನುತ್ತಾರೆ?

“ಎಂಟ ಚುಕ್ಕೀದ ನೀವ ಹೊಡದ್ರಲ್ಲ, ಹೋದ ಶ್ರಾವಣದಾಗ,” ಎಂದ. “ಅವತ್ತ ನಾ ಉಂಡಿಲ್ಲ.”

“ಉಂಡಾರ, ಉಂಡಾರ. ನಾಕ ಹೋಳಿಗಿ ಉಂಡಾರ,” ಎಂದಳು ತಂಗೆವ್ವ, ಚುರುಮುರಿ ಸೂಸಲ ಮುಂದಿಡುತ್ತ.

“ಮೊನ್ನಿ ಏಳ ಚುಕ್ಕೀದು,” ಎಂದು ಅನ್ನಪೂರ್ಣಾ ಕೊನೆಗೂ ಬಾಯಿ ಬಿಟ್ಟಳು. “ಕಾಕಾ, ಖರೇ ಹೇಳ್ರಿ. ಅದು ಚುಕ್ಕೀನೋ, ಕುಂಕುಮದ ಕಾಳೋ?”

ಸೋಮಪ್ಪನ ಮುಖ ಸಣ್ಣದಾಯಿತು. “ನಿನ್ನಿ ಪೋಸ್ಟಿನ್ಯಾಗ ಬಂತು. ನಂಗ ನೋಡಾಕ ಧೈರ್ಯ ಆಗಿಲ್ಲ. ಮೊದಲಿನ ಎರಡರಾಗೂ ಏಳನೇದು ಬರೇ ಹೊಲಸ ಇತ್ತು, ತಿರಗಿ ಕಳಿಸಿದ್ನಿ. ಇದೂ ಕಾಳ ಇದ್ರ ಏನ ಮಾಡೂದು? ಜಗಲಿ ಮ್ಯಾಲೆ ಇಟ್ಟೇನಿ, ಪಾಕೀಟ ಸೈತ. ತಂಗೆವ್ವಾ, ತೊಗೊಂಡ ಬಾ. ಇಬ್ರೂ ಕೂಡಿ ನೋಡತೇವಿ.”

ತಂಗೆವ್ವ ದೇವರ ಕೋಣೆಗೆ ಹೋಗಿ ತಾಟಿನಲ್ಲಿ ಅದನ್ನು ತಂದಳು. ಪಡಸಾಲೆಯ ಗೋಡೆಯ ಮೇಲೆ ಒಂದು ಬೆಳಕಿನ ಬಿಲ್ಲೆ ಕುಣಿಯಿತು. ನಾಣ್ಯ ಅಂಗಡಿಯಿಂದ ಈಗ ತಂದ ಸ್ಟೀಲ್ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು.

“ಏನ ಮಾಡಿದೀ ಇದನ್ನ?” ಎಂದು ಸೋಮಪ್ಪ ತಾಟಿನ ಅಂಚು ಹಿಡಿದ.

“ಏನ ಮಾಡೂದು? ತೊಳದೇನಿ. ಕಂಡವರ ಮನ್ಯಾಗಿಂದು, ಯಾರ್ಯಾರೋ ಮುಟ್ಟಿದ್ದು. ಬೆಳ್ಳಿ ಅಂತ ಮನಿಗಿ ಬಂದ ಮ್ಯಾಲೆ ಹುಣಸಿಹಣ್ಣ ಹಚ್ಚಿ, ಬೂದ್ಯಾಗ ತಿಕ್ಕದ ಲಕ್ಷ್ಮೀ ಮುಂದ ಇಡಾಕ ಬರತೈತೇನು? ಅರ್ಧಾ ತಾಸ ತಿಕ್ಕೇನಿ. ಏನ ಕರ್ರಗಿತ್ತವ್ವಾ!”

ನೂರ ನಲವತ್ತು ವರ್ಷದ ಕಪ್ಪು. ಸಂಗ್ರಹ ಮಾಡುವವರಿಗೆ ಆ ಕಪ್ಪೇ ನಾಣ್ಯದ ಜೀವ. ಅದು ಹೋದರೆ ಹರಾಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸೋಮಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಹೊರಸಿನ ಮೇಲೆ ಕುಸಿದ. ಅನ್ನಪೂರ್ಣಾಳಿಗೆ ನಗು ಬಂತು. ಒತ್ತಿ ಹಿಡಿದಳು, ಬುಸ್ಸೆಂದು ಮೂಗಿನಿಂದ ಬಂತು. ಆಮೇಲೆ ಥಟ್ಟನೆ ನಿಂತಿತು.

“ಕಾಕಾ! ಕುಂಕುಮ ಇದ್ರ ಹೋಗಿರತೈತಿ. ಚುಕ್ಕಿ ಇದ್ರ ಹೆಂಗ ಹೋಗತೈತಿ? ಎಣಸ್ರಿ!”

ಎರಡು ತಲೆಗಳು ತಾಟಿನ ಮೇಲೆ ಢಿಕ್ಕಿ ಹೊಡೆದವು. ತಂಗೆವ್ವನ ತಲೆ ಮೂರನೆಯದಾಗಿ ಸೇರಿತು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಒಂದು, ಎರಡು, ಮೂರು. ನಾಲ್ಕು. ಐದು, ಆರು. ಆರರ ಪಕ್ಕದಲ್ಲಿ, ಹುಣಸೆಹಣ್ಣಿಗೂ ಬೂದಿಗೂ ತಂಗೆವ್ವನ ಅರ್ಧ ತಾಸಿಗೂ ಜಗ್ಗದೆ, ದುಂಡಗೆ, ಗಟ್ಟಿಯಾಗಿ, ತನ್ನ ಪಾಡಿಗೆ ತಾನು ಕೂತಿತ್ತು.

“ಏಳು!” ಎಂದು ಮೂವರೂ ಕೂಗಿದರು. ಸೋಮಪ್ಪ ಎರಡು ಬೆರಳು ಬಾಯಿಗಿಟ್ಟು ಎರಡು ಸೀಟಿ ಹೊಡೆದ. ಓಣಿಯಲ್ಲಿ ಹೋಗುತ್ತಿದ್ದ ಟಂಟಂ ರಿಕ್ಷಾ ಯಾಕೋ ವೇಗ ಹೆಚ್ಚಿಸಿತು.

ಅನ್ನಪೂರ್ಣಾ ಚೀಲದಿಂದ ಹಲಗೆ ತೆಗೆದು ಟವೆಲ್ಲು ಬಿಚ್ಚಿದಳು. ಎಂಟು ಕರಿಯ ರೂಪಾಯಿ, ನಡುವೆ ಒಂದು ಅಡಿಕೆಬೆಟ್ಟ. ಸೋಮಪ್ಪ ಬಹಳ ಹೊತ್ತು ನೋಡಿದ. ಅವನ ಹತ್ತಿರ ಹಲಗೆಯಿರಲಿಲ್ಲ. ಹಳೆಯ ಟಿಕೆಟ್ ಪೆಟ್ಟಿಗೆಯ ಖಾನೆಗಳಲ್ಲಿ ಇದೂ ಸೇರಿ ನಾಲ್ಕೇ ಇದ್ದವು.

“ನೋಡ ತಂಗಿ,” ಎಂದ. ಅವಳು ಯಾವಾಗ ತಂಗಿಯಾದಳೋ ಅವನಿಗೂ ತಿಳಿಯಲಿಲ್ಲ. “ನಾವಿಬ್ರೂ ಬಡದಾಡತೇವಿ, ಮಾರಾವ್ರ ಹಬ್ಬಾ ಮಾಡತಾರ. ಇದನ್ನ ನೀ ತೊಗೊ. ಪುಕ್ಕಟ. ಹೆಂಗೂ ಇಕಿ ತಿಕ್ಕಿ ಹಾಳ ಮಾಡ್ಯಾಳ. ನಿಂದ ಪೂರಾ ತುಂಬತೈತಿ, ನಿನ್ನ ಸ್ಟಾಪ್ ಬಂತು, ನೀ ಇಳಕೊ. ಮುಂದಿನ ಸವಾಲಿಗೆ ಬರಬ್ಯಾಡ. ನಾ ಒಬ್ಬಾಂವ ಮೆಲ್ಲಕ ಮುಂದ ಹೊಕ್ಕೇನಿ. ಆತಿಲ್ಲೋ?”

“ತೊಗೋರಿ ಯವ್ವಾ,” ಎಂದಳು ತಂಗೆವ್ವ. “ಇವರಿಗೂ ನಿದ್ದಿ ಹತ್ತತೈತಿ, ನನಗೂ ಹತ್ತತೈತಿ.”

ಅನ್ನಪೂರ್ಣಾ ಅಡಿಕೆಬೆಟ್ಟ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾಣ್ಯವನ್ನು ಕುಳಿಯ ಮೇಲಿಟ್ಟು ಹೆಬ್ಬೆರಳಿಂದ ಒತ್ತಿದಳು. ಟಕ್. ಕೂತಿತು. ಬಡಿಗ ಇದಕ್ಕೆಂದೇ ಕೊರೆದ ಹಾಗೆ ಕೂತಿತು.

ಒಂಬತ್ತು. ಒಂದೂ ಖಾಲಿಯಿಲ್ಲ. ಮೂವರೂ ನೋಡಿದರು. ತಂಗೆವ್ವ “ಛಂದ ಕಾಣತೈತಿ” ಎಂದಳು. ಛಂದವೇ ಕಾಣುತ್ತಿತ್ತು. ಅನ್ನಪೂರ್ಣಾ ಎಡದಿಂದ ಬಲಕ್ಕೆ ನೋಡಿದಳು, ಬಲದಿಂದ ಎಡಕ್ಕೆ ನೋಡಿದಳು. ಕಣ್ಣು ಎಲ್ಲಿಯೂ ತಡೆಯಲಿಲ್ಲ. ಮುನ್ನೂರು ಶಬ್ದ, ಒಂದೂ ತಪ್ಪಿಲ್ಲ, ಪೂರ್ತಿ ಅಂಕ. ಮಡಿಲಲ್ಲಿ ಅವಳ ಹತ್ತು ಬೆರಳುಗಳು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಬಿದ್ದಿದ್ದವು.

ಬುಧವಾರ ನಾಗಪುರದ ಒಬ್ಬನ ಹರಾಜು ಮುಗಿಯುವುದಿತ್ತು. ಹನ್ನೊಂದು ರೂಪಾಯಿಗಳ ಗುಂಪು, ಮಂಜಿನಲ್ಲಿ ತೆಗೆದಂಥ ಚಿತ್ರ. ಎಡದಿಂದ ಮೂರನೆಯದರ ಕೆಳಗೆ ಏನೋ ಇತ್ತು. ಇನ್ನು ಅದನ್ನು ಯಾಕೆ ನೋಡಬೇಕು? ತಲೆ ಎತ್ತಿದಳು. ಸೋಮಪ್ಪ ಅವಳನ್ನೇ ನೋಡುತ್ತಿದ್ದ.

“ನಾಗಪುರದ್ದು ನೋಡೀರೇನು, ಕಾಕಾ?”

“ಎಡದಿಂದ ಮೂರನೇದ?” ಎಂದುಬಿಟ್ಟು ಸೋಮಪ್ಪ ನಾಲಿಗೆ ಕಚ್ಚಿಕೊಂಡ.

ಅನ್ನಪೂರ್ಣಾ ತುರುಬಿನಿಂದ ಒಂದು ಪಿನ್ನು ಕಿತ್ತಳು. ನಾಣ್ಯದ ಅಂಚಿಗೆ ತೂರಿಸಿ ಮೀಟಿದಳು. ಏಳು ಚುಕ್ಕೆಯ ರೂಪಾಯಿ ಥಣ್ಣನೆ ತಂಗೆವ್ವನ ತಾಟಿನಲ್ಲಿ ಬಿದ್ದು, ಮೂರು ಸುತ್ತು ತಿರುಗಿ, ರಾಣಿಯ ಮುಖ ಮೇಲಾಗಿ ಮಲಗಿತು. ಅವಳು ಮಡಿಲಿಂದ ಅಡಿಕೆಬೆಟ್ಟ ಎತ್ತಿ ಖಾಲಿ ಕುಳಿಯಲ್ಲಿ ಮತ್ತೆ ಕೂರಿಸಿ, ಹಲಗೆಗೆ ಟವೆಲ್ಲು ಸುತ್ತತೊಡಗಿದಳು.

“ಅಯ್ಯ, ಇದೇನ?” ಎಂದ ಸೋಮಪ್ಪ. ತಾಟನ್ನು ಎತ್ತಿ ಅವಳ ಮುಂದೆ ಹಿಡಿದ. “ಪುಕ್ಕಟ ಕೊಡಾಕ ಹತ್ತೇನಿ ಯವ್ವಾ. ತೊಗೊ.”

“ಒಲ್ಲೆ,” ಎಂದಳು ಅನ್ನಪೂರ್ಣಾ.